ಮಣಿಕಟ್ಟು ಸಡಿಲ

ಗುಂಡು ಹಾರಿಸುವುದನ್ನು ಕಲಿಯಲು ಬಂದವರ ಕೈಯಲ್ಲಿ ಪಿಸ್ತೂಲು ಸಿಕ್ಕಿಕೊಂಡಾಗಲೆಲ್ಲ ವರ್ಲಿನ್ ಟೀಗ್ ಹೇಳುತ್ತಿದ್ದದ್ದು ಒಂದೇ ಮಾತು: ಮಣಿಕಟ್ಟು ಸಡಿಲ. ಕಲಿಸಿದ ಮೂವತ್ತೊಂದು ವರ್ಷದಲ್ಲಿ ಈ ಮಾತನ್ನು ಅವನು ಪಾದ್ರಿಗೆ ಹೇಳಿದ್ದ, ಬ್ಯಾಂಕಿನ ಮ್ಯಾನೇಜರಿಗೆ ಹೇಳಿದ್ದ, ನೂರೈವತ್ತು ಕಿಲೋ ತೂಗುವ ಮರ ಕಡಿಯುವವನಿಗೂ ಹೇಳಿದ್ದ. ಒಮ್ಮೆ ತನ್ನ ಹೆಂಡತಿಗೂ ಹೇಳಿದ್ದ. ಪಿಸ್ತೂಲಿನದು ತಪ್ಪು ಎಂದು ಯಾರಾದರೂ ಗೊಣಗಿದರೆ ಅವನಿಗೆ ನಗು ಬರುತ್ತಿತ್ತು. ಕುಣಿಯಲು ಬಾರದವರು ನೆಲವನ್ನು ಬಯ್ಯುವುದನ್ನು ಅವನು ಬೇಕಾದಷ್ಟು ನೋಡಿದ್ದ.

ಅವನು ಹೇಳುತ್ತಿದ್ದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗುಂಡು ಹಾರಿದಾಗ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಸರಿದು ಖಾಲಿ ಕಾಡತೂಸನ್ನು ಹೊರಗೆ ಎಸೆಯಬೇಕು, ಮುಂದೆ ಬರುವಾಗ ಹೊಸದೊಂದನ್ನು ಒಳಗೆ ತಳ್ಳಬೇಕು. ಅದಕ್ಕೆ ಕೈ ಗೋಡೆಯ ಹಾಗೆ ನಿಲ್ಲಬೇಕು. ಮಣಿಕಟ್ಟು ಬಗ್ಗಿದರೆ ಪಿಸ್ತೂಲು ಇಡಿಯಾಗಿ ಕೈಯ ಜೊತೆ ಹಿಂದೆ ಹೋಗುತ್ತದೆ, ಮೇಲ್ಭಾಗ ಅರ್ಧ ದಾರಿಯಲ್ಲೇ ನಿಂತು ಖಾಲಿ ಕಾಡತೂಸು ಬಾಗಿಲಿಗೆ ಸಿಕ್ಕಿದ ಬೆರಳಿನ ಹಾಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಅವನು ಇಪ್ಪತ್ತು ಹೆಜ್ಜೆ ದೂರದಿಂದ, ಬರಿಗಣ್ಣಲ್ಲಿ, ಸದ್ದು ಕೇಳುವ ಮೊದಲೇ ಕಂಡುಹಿಡಿಯುತ್ತಿದ್ದ. ಊರಿನಲ್ಲಿ ಅವನ ಹೆಸರು ನಿಂತಿದ್ದದ್ದು ಅದರ ಮೇಲೇ.

ಹೀಗಿರುವಾಗ ಅಕ್ಟೋಬರಿನ ಮೊದಲ ಮಂಗಳವಾರ, ಕೌಂಟಿಯ ಗುಂಡು ಹಾರಿಸುವ ಮೈದಾನದಲ್ಲಿ, ಎಲ್ಲರ ಕಣ್ಣೆದುರು, ವರ್ಲಿನ್ ಟೀಗನ ಪಿಸ್ತೂಲು ನಾಲ್ಕು ಸಲ ಸಿಕ್ಕಿಕೊಂಡಿತು.

ಅದು ಷೆರಿಫನ ಕೈಕೆಳಗೆ ಪೊಲೀಸು ಕೆಲಸ ಮಾಡಿ ನಿವೃತ್ತರಾದ ಡೆಪ್ಯುಟಿಗಳ ವಾರ್ಷಿಕ ಪರೀಕ್ಷೆ. ವರ್ಷಕ್ಕೊಮ್ಮೆ ಬಂದು ಮೂವತ್ತು ಗುಂಡು ಹಾರಿಸಬೇಕು, ಇಪ್ಪತ್ನಾಲ್ಕಾದರೂ ಗುರಿಗೆ ಬೀಳಬೇಕು, ಗಡಿಯಾರ ಓಡುತ್ತಿರುತ್ತದೆ. ಪಾಸಾದವರಿಗೆ ಷೆರಿಫನ ಸಹಿಯಿರುವ ಕಾರ್ಡು. ಆ ಕಾರ್ಡು ಇಲ್ಲದವರು ಆ ಮೈದಾನದಲ್ಲಿ ಬೇರೆಯವರಿಗೆ ಕಲಿಸುವಂತಿಲ್ಲ. ಈ ನಿಯಮ ಬರೆದವನು ಇಪ್ಪತ್ತು ವರ್ಷದ ಹಿಂದೆ ಸೇವೆಯಲ್ಲಿದ್ದ ವರ್ಲಿನ್ ಟೀಗನೇ. ಕೈ ನಡುಗುವ ಮುದುಕರು ಹೊಸಬರಿಗೆ ಪಾಠ ಹೇಳಬಾರದು ಎನ್ನುವುದು ಆಗ ಅವನ ವಾದವಾಗಿತ್ತು. ಆಗ ಅವನಿಗೆ ಐವತ್ತೊಂದು, ಈಗ ಎಪ್ಪತ್ತೊಂದು.

ಪರೀಕ್ಷೆ ನಡೆಸುತ್ತಿದ್ದ ಕೋಡಿ ಆಲ್‌ರೆಡ್ ಒಂದು ಕಾಲದಲ್ಲಿ ಅವನ ಶಿಷ್ಯ. ಸೀಟಿ ಊದಿದಾಗ ವರ್ಲಿನ್ನನ ಪಿಸ್ತೂಲಿನಲ್ಲಿ ಇನ್ನೂ ಏಳು ಗುಂಡು ಉಳಿದಿದ್ದವು. ಕೋಡಿ ಹತ್ತಿರ ಬಂದು, ಪಕ್ಕದವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದ.

"ಬೇಜಾರ್ ಮಾಡ್ಕೋಬೇಡಿ ಸಾರ್. ಎರಡು ವಾರ ಬಿಟ್ಟು ಇನ್ನೊಂದು ಚಾನ್ಸ್ ಇದೆ. ನೀವು ಬೇಕಾದ್ರೆ ರಿವಾಲ್ವರ್ ತನ್ನಿ, ಅದಕ್ಕೂ ಕಾರ್ಡ್ ಕೊಡ್ತೀವಿ."

ರಿವಾಲ್ವರ್ ಸಿಕ್ಕಿಕೊಳ್ಳುವುದಿಲ್ಲ, ಅದಕ್ಕೆ ಮಣಿಕಟ್ಟಿನ ಹಂಗಿಲ್ಲ. ಆ ಮೈದಾನದಲ್ಲಿ ಅದನ್ನು ತರುವವರು ಯಾರು ಎನ್ನುವುದು ವರ್ಲಿನ್ನನಿಗೂ ಗೊತ್ತು, ಕೋಡಿಗೂ ಗೊತ್ತು. ಹಿಂದಿನ ವರ್ಷ ಅದನ್ನು ತಂದಿದ್ದ ಒಬ್ಬ ಮುದುಕ ಈ ವರ್ಷ ಬಂದೇ ಇರಲಿಲ್ಲ. ವರ್ಲಿನ್ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

"ಪಿಸ್ತೂಲೇ ಸರಿಯಿಲ್ಲ, ಕೋಡಿ" ಎಂದ.

ಕೋಡಿ ಹೌದು ಸಾರ್ ಎಂದ. ಅವನು ಅದನ್ನು ಹೇಳಿದ ರೀತಿ ವರ್ಲಿನ್ನನಿಗೆ ಮನೆಯವರೆಗೂ ಕಿವಿಯಲ್ಲಿ ಉಳಿಯಿತು.

ಆ ಪಿಸ್ತೂಲು ಬೆಲ್‌ಫೋರ್ಡ್ ಕಂಪನಿಯದು. ವರ್ಲಿನ್ ನಲವತ್ತೆರಡು ವರ್ಷದಿಂದ ಬೆಲ್‌ಫೋರ್ಡ್ ಬಿಟ್ಟು ಬೇರೆ ಪಿಸ್ತೂಲು ಇಟ್ಟುಕೊಂಡವನಲ್ಲ. ಕೊಂಡ ಪ್ರತಿಯೊಂದರ ನೋಂದಣಿ ಕಾರ್ಡು ತುಂಬಿ ಕಂಪನಿಗೆ ಕಳಿಸುತ್ತಿದ್ದ, ಕಂಪನಿಯ ಕ್ಯಾಲೆಂಡರು ಅಡುಗೆಮನೆಯಲ್ಲಿ ತೂಗುತ್ತಿತ್ತು. ಅವನ ಮಾತು ಕೇಳಿ ಅರ್ಧ ಊರು ಬೆಲ್‌ಫೋರ್ಡ್ ಕೊಂಡಿತ್ತು. ಎರಡು ವರ್ಷದ ಹಿಂದೆ ಕಂಪನಿ ಹಗುರವಾದ ಹೊಸ ಮಾದರಿ ತಂದಾಗ, ಸೇವೆಯಲ್ಲಿದ್ದಷ್ಟೂ ದಿನ ಸೊಂಟದಲ್ಲಿದ್ದ ಉಕ್ಕಿನ ಹಳೆಯ ಪಿಸ್ತೂಲನ್ನು ಅಂಗಡಿಗೆ ಕೊಟ್ಟು ಹೊಸದನ್ನು ತಂದ. ಹಳೆಯದು ಇತ್ತೀಚೆಗೆ ಯಾಕೋ ಭಾರವೆನಿಸುತ್ತಿತ್ತು. ಯಾಕೆ ಎಂದು ಅವನು ಆಗ ಕೇಳಿಕೊಳ್ಳಲಿಲ್ಲ.

ಹೊಸದು ಮೊದಲ ವಾರದಲ್ಲೇ ಸಿಕ್ಕಿಕೊಂಡಿತು. ಕಾರ್ಖಾನೆಗೆ ಕಳಿಸಿದ. ಒಂದು ಸ್ಪ್ರಿಂಗು ದುರ್ಬಲವಾಗಿತ್ತು, ಬದಲಾಯಿಸಿದ್ದೇವೆ, ಕ್ಷಮಿಸಿ ಎಂದು ಕಾಗದ ಬಂತು. ಅಲ್ಲಿಗೆ ತಪ್ಪು ಅವರದ್ದೇ ಎಂದು ಅವರೇ ಒಪ್ಪಿಕೊಂಡ ಹಾಗಾಯಿತು. ವಾಪಸು ಬಂದ ಪಿಸ್ತೂಲು ಮತ್ತೆ ಸಿಕ್ಕಿಕೊಂಡಿತು. ಒಂದು ಕೆಟ್ಟದ್ದು ಬಂದಿರಬಹುದು ಎಂದುಕೊಂಡು ಅದೇ ಮಾದರಿಯ ಇನ್ನೊಂದನ್ನು ಕೊಂಡ. ಅದೂ ಹಾಗೇ ಆಯಿತು. ಹಠ ಹಿಡಿದು ಬರೆದದ್ದಕ್ಕೆ ಕಂಪನಿ ಮೊದಲನೆಯದನ್ನು ಇಟ್ಟುಕೊಂಡು ಹೊಚ್ಚ ಹೊಸ ಮೂರನೆಯದನ್ನು ಕಳಿಸಿತು. ಜೊತೆಗೆ ತಾವು ನೂರು ಗುಂಡು ಹಾರಿಸಿ ನೋಡಿದ ಗುರಿಕಾಗದವನ್ನೂ ಮಡಿಸಿ ಇಟ್ಟಿತ್ತು, ನೂರೂ ನಡುವಿನಲ್ಲಿ ಒತ್ತೊತ್ತಾಗಿ ಬಿದ್ದಿದ್ದವು. ಮಂಗಳವಾರ ನಾಲ್ಕು ಸಲ ಸಿಕ್ಕಿಕೊಂಡದ್ದು ಆ ಮೂರನೆಯದು.

ಮರುದಿನದಿಂದ ವರ್ಲಿನ್ ಬೆಲ್‌ಫೋರ್ಡನ್ನು ಬಯ್ಯಲು ಶುರುಮಾಡಿದ. ಬೆಳಗಿನ ಹೊತ್ತು ಹೋಟೆಲಿನಲ್ಲಿ, ಬನ್ನಿನಂಥ ಬಿಸಿ ಬಿಸ್ಕಿಟ್ಟಿನ ಮೇಲೆ ಬಿಳಿ ಗ್ರೇವಿ ಸುರಿದುಕೊಂಡು ಕೂತ ಹಳೆಯ ಗೆಳೆಯರ ಮುಂದೆ ಬಯ್ದ. ಪ್ಲಾಸ್ಟಿಕ್ಕಿನಲ್ಲಿ ಪಿಸ್ತೂಲು ಮಾಡುವವರು ನಾಳೆ ಕಾಗದದಲ್ಲಿ ಮಾಡುತ್ತಾರೆ ಎಂದ. ಮಾಲೀಕ ಮುದುಕ ಬೆಲ್‌ಫೋರ್ಡ್ ಸತ್ತ ಮೇಲೆ ಕಂಪನಿ ಲೆಕ್ಕಿಗರ ಕೈಗೆ ಹೋಯಿತು ಎಂದ. ಗೆಳೆಯರು ತಲೆಯಾಡಿಸುತ್ತಾ ತಿಂದರು. ಅವರಲ್ಲಿ ಮೂವರ ಬಳಿ ಅದೇ ಹೊಸ ಮಾದರಿ ಇತ್ತು, ಮೂವರದ್ದೂ ಸರಿಯಾಗಿ ಓಡುತ್ತಿತ್ತು. ಅದು ವರ್ಲಿನ್ನನಿಗೂ ಗೊತ್ತಿತ್ತು, ಆದರೆ ಅವರು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಹೇಳಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಬಂದೂಕಿನ ಅಂಗಡಿಯ ಡೆನಿಸ್ ಪ್ರೂಯಿಟ್ ಮಾತ್ರ ಮುಲಾಜು ಇಟ್ಟುಕೊಂಡವನಲ್ಲ. ಅವನೂ ವರ್ಲಿನ್ನನೂ ಒಂದೇ ಬೆಂಚಿನಲ್ಲಿ ಕೂತು ಶಾಲೆ ಓದಿದವರು. ವರ್ಲಿನ್ ಅರ್ಧ ಗಂಟೆ ಕೂಗಾಡುವುದನ್ನು ಕೇಳಿಸಿಕೊಂಡು, ಕಪಾಟಿನಿಂದ ಬೇರೊಂದು ಕಂಪನಿಯ ಪಿಸ್ತೂಲು ತೆಗೆದು ಗಾಜಿನ ಮೇಲಿಟ್ಟ. ಹಿಂದಿನ ಅಭ್ಯಾಸದ ಕೋಣೆಗೆ ಹೋಗಿ ಇದರಲ್ಲಿ ಇಪ್ಪತ್ತು ಗುಂಡು ಹಾರಿಸಿ ಬಾ, ಗುಂಡು ನಂದು, ಇದು ಸಿಕ್ಕಿಕೊಳ್ಳದೆ ಓಡಿದರೆ ಬೆಲ್‌ಫೋರ್ಡ್ ಕೆಟ್ಟದ್ದು ಅಂತ ನಾನೇ ಬೋರ್ಡು ಬರೆಸಿ ಹಾಕುತ್ತೇನೆ ಎಂದ.

ವರ್ಲಿನ್ ಆ ಪಿಸ್ತೂಲನ್ನು ಮುಟ್ಟಲಿಲ್ಲ. ಕಂಡವರ ಕಂಪನಿಯ ಮಾಲು ತನಗೆ ಬೇಡ ಎಂದ.

"ಬೆಲ್‌ಫೋರ್ಡ್‌ನ ಬಯ್ದೂ ಬಯ್ದೂ ಗಂಟಲು ಹರ್ಕೋತೀಯ. ಇನ್ನೊಂದನ್ನ ಮುಟ್ಟೋ ಅಂದ್ರೆ ಮಡಿ ಮಾಡ್ತೀಯ" ಎಂದ ಡೆನಿಸ್. "ಏನೋ ನಿನ್ನ ಸಮಸ್ಯೆ?"

ವರ್ಲಿನ್ ಕೆಲಸವಿದೆ ಎಂದು ಹೊರಟುಬಂದ. ಗಾಡಿಯಲ್ಲಿ ಕೂತು ಕೀಲಿ ತಿರುಗಿಸದೆ ಬಹಳ ಹೊತ್ತು ಅಂಗಡಿಯ ಗೋಡೆ ನೋಡಿದ. ಇಪ್ಪತ್ತು ಗುಂಡು, ಐದು ನಿಮಿಷದ ಕೆಲಸ. ಆ ಪಿಸ್ತೂಲೂ ಸಿಕ್ಕಿಕೊಂಡರೆ? ಕೈ ಕೊಟ್ಟದ್ದು ಪಿಸ್ತೂಲೋ ಅಥವಾ ಕೈಯೇ ಕೈ ಕೊಟ್ಟಿತೋ ಎನ್ನುವುದು ಐದೇ ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ತೀರ್ಮಾನ ಆಗದಿರುವಷ್ಟು ದಿನ ಅವನು ಮೋಸಹೋದ ಗಿರಾಕಿ. ಆದ ಮರುಕ್ಷಣ ಅವನು ಏನು ಎನ್ನುವುದಕ್ಕೆ ಅವನ ಬಳಿ ಪದವಿರಲಿಲ್ಲ. ನಲವತ್ತೆರಡು ವರ್ಷ ಬೆಲ್‌ಫೋರ್ಡ್ ಒಳ್ಳೆಯದಾಗಿರಲಿ ಎಂದು ಬಯಸಿದವನು ಈಗ ಅದು ಕೆಟ್ಟದಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದ. ಅಡಕತ್ತರಿಯಲ್ಲಿ ಸಿಕ್ಕಿಬಿದ್ದವನಿಗೆ ಯಾವ ಕಡೆ ತಿರುಗಿದರೂ ಅಲಗೇ.

ಮನೆಯಲ್ಲೂ ಬಿಡುಗಡೆ ಸಿಗಲಿಲ್ಲ. ಗುರುವಾರ ಮಧ್ಯಾಹ್ನ ಬ್ರೆಡ್ಡಿಗೆ ಹ್ಯಾಮು ಇಟ್ಟುಕೊಂಡು ಉಪ್ಪಿನಕಾಯಿಯ ಬಾಟಲಿ ತೆಗೆದ. ಹೊಸ ಬಾಟಲಿ, ಮುಚ್ಚಳ ತಿರುಗಿಸಿದ ತಕ್ಷಣ ಬಂತು. ಅವನಿಗೆ ಖುಷಿಯಾಯಿತು. ಕೈ ಗಟ್ಟಿಯಾಗೇ ಇದೆಯಲ್ಲ ಎಂದುಕೊಂಡ. ಆ ಖುಷಿಯಲ್ಲೇ ಕಪಾಟಿನಿಂದ ಟೊಮ್ಯಾಟೊ ಬಾಟಲಿ ತೆಗೆದ, ಅದೂ ಬಂತು. ಜ್ಯಾಮ್ ಬಂತು, ಸೇಬಿನ ಗೊಜ್ಜು ಬಂತು. ಐದನೆಯದು ಕೈಯಲ್ಲಿದ್ದಾಗ ಅವನು ನಿಂತ. ಕಪಾಟಿನಲ್ಲಿದ್ದ ಹನ್ನೊಂದು ಬಾಟಲಿಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದ. ಎಲ್ಲವನ್ನೂ ಯಾರೋ ಮೊದಲೇ ತಿರುಗಿಸಿ ಬಿಡಿಸಿ, ಮತ್ತೆ ಮೇಲೆಮೇಲೆ ಮುಚ್ಚಿಟ್ಟಿದ್ದರು. ಯಾರೋ ಏನು, ಹೆಂಡತಿ ಗ್ಲೆಂಡಾ. ಮನೆಯಲ್ಲಿ ಇರುವವರು ಇಬ್ಬರೇ.

ಗ್ಲೆಂಡಾ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವಳು. ಮುನ್ನೂರು ಮಕ್ಕಳಿಗಾಗುವಷ್ಟು ಸೂಪಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಇಟ್ಟ ಕೈ ಅದು. ಅವಳಿಗೆ ಅವನ ಬಲಗೈಯ ವಿಷಯ ಯಾವಾಗ ಗೊತ್ತಾಯಿತೋ, ಎಷ್ಟು ದಿನದಿಂದ ಹೀಗೆ ಮುಚ್ಚಳ ಸಡಿಲಿಸುತ್ತಿದ್ದಾಳೋ. ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ವಿಷಯ ಇದೆ ಎಂದು ಒಪ್ಪಿದ ಹಾಗಾಗುತ್ತದೆ. ಬಾಟಲಿಗಳನ್ನು ಇದ್ದಲ್ಲೇ ಇಟ್ಟು ಕಪಾಟು ಮುಚ್ಚಿದ.

ಶುಕ್ರವಾರ ಕಂಪನಿಗೆ ಫೋನು ಮಾಡಿದ. ಈ ಸಲ ಜಗಳಕ್ಕೇ ಮಾಡಿದ್ದು. ಆ ಕಡೆ ಸಿಕ್ಕವಳು ಶನೆಲ್ ಎಂಬ ಹುಡುಗಿ, ಅವನ ಮೂರೂ ಪಿಸ್ತೂಲಿನ ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಅವನು ಬಯ್ಯುವಷ್ಟೂ ಹೊತ್ತು ಅವಳು ಹೌದು ಸಾರ್, ಅರ್ಥವಾಗುತ್ತದೆ ಸಾರ್ ಎಂದಳು. ನಾಲ್ಕನೆಯದನ್ನು ಕಳಿಸಲು ತಮ್ಮ ಅಭ್ಯಂತರವಿಲ್ಲ ಎಂದಳು. ನಾಲ್ಕನೆಯದು ಎಂದ ಕೂಡಲೇ ವರ್ಲಿನ್ ಅವಳ ಮಾತು ತಡೆದ. ನಿಮ್ಮ ಮೇಲೆ ಇನ್ನು ಯಾಕೆ ನಂಬಿಕೆ ಇಡಬೇಕು, ಅದನ್ನು ಹೇಳು ಮೊದಲು ಎಂದ. ನೀವು ನಮ್ಮ ಬಹಳ ಹಳೆಯ ಗಿರಾಕಿ ಸಾರ್ ಎನ್ನುತ್ತಾ ಅವಳು ಅವನ ಹೆಸರಿನಲ್ಲಿದ್ದ ಪಿಸ್ತೂಲುಗಳನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿ ಓದತೊಡಗಿದಳು. ಸಮಾಧಾನಪಡಿಸುವ ದಾರಿ ಇರಬೇಕು ಅದು. ಒಂದು ಕಡೆ ತಡೆದಳು.

"ಸಾರ್, ತೊಂಬತ್ತಾರರ ಚಿಕ್ಕ ಪಿಸ್ತೂಲು ಒಂದಿದೆಯಲ್ಲ. ಅದರದ್ದು ಕೆಲಸ ಇನ್ನೂ ಬಾಕಿ ಅಂತ ತೋರಿಸ್ತಿದೆ."

ಯಾವ ಕೆಲಸ ಎಂದು ವರ್ಲಿನ್ ಕೇಳಿದ.

"ಆ ವರ್ಷದ್ದರಲ್ಲಿ ಖಾಲಿ ಕಾಡತೂಸು ಎಳಿಯೋ ಕೊಕ್ಕೆ ಸರಿಯಾಗಿರಲಿಲ್ಲ. ಬಿಟ್ಟಿಯಾಗಿ ಬದಲಾಯಿಸಿ ಕೊಡ್ತೀವಿ ಅಂತ ನಿಮಗೆ ಎರಡು ಸಲ ಕಾಗದ ಹೋಗಿದೆ. ನೀವು ಕಳಿಸೇ ಇಲ್ಲ. ಅದು ಯಾರ ಕೈಲಿದ್ರೂ ಸಿಕ್ಕಿಕೊಳ್ಳತ್ತೆ ಸಾರ್."

ವರ್ಲಿನ್ ಫೋನು ಇಟ್ಟುಬಿಟ್ಟ. ಶನೆಲ್ ಇನ್ನೂ ಏನೋ ಹೇಳುತ್ತಿದ್ದಳು.

ಆ ಚಿಕ್ಕ ಪಿಸ್ತೂಲು ಗ್ಲೆಂಡಾಳದು. ಮದುವೆಯಾಗಿ ಇಪ್ಪತ್ತು ವರ್ಷವಾದ ದಿನಕ್ಕೆ ಅವನು ಕೊಡಿಸಿದ್ದು. ಅವಳು ಆಸೆಪಟ್ಟು ಅವನ ಶನಿವಾರದ ತರಗತಿಗೆ ಬಂದಿದ್ದಳು, ಹನ್ನೆರಡು ಜನ ಗಂಡಸರ ನಡುವೆ ಒಬ್ಬಳೇ ಹೆಂಗಸು. ಎರಡನೆಯ ಗುಂಡಿಗೇ ಸಿಕ್ಕಿಕೊಂಡಿತು. ಮಣಿಕಟ್ಟು ಸಡಿಲ ಎಂದ. ನಾನು ಗಟ್ಟಿಯಾಗೇ ಹಿಡಿದಿದ್ದೇನೆ ಎಂದಳು. ಮತ್ತೆ ಸಿಕ್ಕಿಕೊಂಡಿತು. ಆಗ ಅವನು ಎರಡೇ ಬೆರಳಲ್ಲಿ ಅವಳ ಮಣಿಕಟ್ಟು ಹಿಡಿದು, ನೋಡ್ರಪ್ಪಾ ಸಡಿಲ ಅಂದರೆ ಹೀಗಿರುತ್ತೆ ಎಂದು ಎಲ್ಲರೆದುರು ಅಲ್ಲಾಡಿಸಿ ತೋರಿಸಿದ. ಹನ್ನೆರಡು ಜನವೂ ನಕ್ಕರು. ಅವನೂ ನಕ್ಕ. ಅವಳು ಪಿಸ್ತೂಲನ್ನು ಮೇಜಿನ ಮೇಲಿಟ್ಟು ಗಾಡಿಯಲ್ಲಿ ಹೋಗಿ ಕೂತಳು. ಇಪ್ಪತ್ತಾರು ವರ್ಷದಿಂದ ಅವಳು ಪಿಸ್ತೂಲು ಮುಟ್ಟಿಲ್ಲ, ಆ ದಿನದ ಮಾತನ್ನೂ ಎತ್ತಿಲ್ಲ. ಅವಳಿಗೆ ಅದರಲ್ಲಿ ಆಸಕ್ತಿ ಇಲ್ಲ ಎಂದು ವರ್ಲಿನ್ ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಈಗ ಅವನ ಕೈಗೆ ಬೇಕಾದ ಆಯುಧವೇ ಸಿಕ್ಕಿತ್ತು. ಬೆಲ್‌ಫೋರ್ಡ್ ಕೆಟ್ಟ ಪಿಸ್ತೂಲು ಮಾಡುತ್ತದೆ, ಮಾಡಿ ಒಪ್ಪಿಕೊಂಡಿದೆ, ಇವತ್ತಲ್ಲ ಇಪ್ಪತ್ತಾರು ವರ್ಷದ ಹಿಂದೆಯೇ. ಹೋಟೆಲಿನಲ್ಲಿ ಇದನ್ನು ಹೇಳಿದರೆ ಗೆಳೆಯರು ಫೋರ್ಕು ಕೆಳಗಿಡುತ್ತಿದ್ದರು. ಡೆನಿಸ್ ಬೋರ್ಡು ಬರೆಸಬೇಕಾಗುತ್ತಿತ್ತು. ಆದರೆ ಹೇಳಬೇಕಾದರೆ ಆ ಕೆಟ್ಟ ಪಿಸ್ತೂಲು ಯಾರ ಕೈಯಲ್ಲಿತ್ತು, ಆ ಕೈಗೆ ತಾನು ಏನು ಮಾಡಿದೆ ಎನ್ನುವುದನ್ನೂ ಹೇಳಬೇಕು. ಒಂದು ವಾರ ಪೂರ್ತಿ ಅವನು ಅದನ್ನು ಬಾಯಲ್ಲಿಟ್ಟುಕೊಂಡು ಓಡಾಡಿದ, ಉಗುಳಲೂ ಆಗಲಿಲ್ಲ ನುಂಗಲೂ ಆಗಲಿಲ್ಲ. ಊಟದ ಮೇಜಿನಲ್ಲಿ ಗ್ಲೆಂಡಾ ಬ್ರೆಡ್ಡು ಮುರಿಯುವಾಗ ಅವಳ ಮಣಿಕಟ್ಟಿನ ಮೇಲೇ ಅವನ ಕಣ್ಣು ಹೋಗುತ್ತಿತ್ತು. ಏನು ನೋಡ್ತೀಯ ಎಂದು ಅವಳು ಎರಡು ಸಲ ಕೇಳಿದಳು. ಏನಿಲ್ಲ ಎಂದ.

ಎರಡನೆಯ ಪರೀಕ್ಷೆಗೆ ಮೂರು ದಿನ ಉಳಿದಿತ್ತು. ಶನಿವಾರ ಮಧ್ಯಾಹ್ನ ಮನೆಯ ಹಿಂದಿನ ಹುಲ್ಲುಗಾವಲಿಗೆ ಹೋಗಿ, ಮಣ್ಣಿನ ದಿಬ್ಬಕ್ಕೆ ಗುರಿಕಾಗದ ಚುಚ್ಚಿ, ಮೂರನೆಯ ಬೆಲ್‌ಫೋರ್ಡನ್ನು ತೆಗೆದ. ಎರಡೂ ಕೈಯಲ್ಲಿ ಹಿಡಿದ, ಹಲ್ಲು ಕಚ್ಚಿದ, ಮೊಣಕೈ ಬಿಗಿದ. ಮೂರು ಗುಂಡು ಹೋಯಿತು, ನಾಲ್ಕನೆಯದಕ್ಕೆ ಸಿಕ್ಕಿಕೊಂಡಿತು. ಬಿಡಿಸಿದ. ಇನ್ನೆರಡು ಹೋಯಿತು, ಮತ್ತೆ ಸಿಕ್ಕಿಕೊಂಡಿತು. ಈ ಸಲ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಲು ಹೋದರೆ ಬೆರಳುಗಳು ಮಾತು ಕೇಳಲಿಲ್ಲ. ಪಿಸ್ತೂಲನ್ನು ತೊಡೆಗೆ ಒತ್ತಿಕೊಂಡು ಎಳೆದ, ಜಾರಿತು.

ಗ್ಲೆಂಡಾ ಎಲೆ ಗುಡಿಸುತ್ತಿದ್ದವಳು ಕುಂಟೆ ಬಿಟ್ಟು ಯಾವಾಗ ಬಂದಳೋ, ಹಿಂದೆ ನಿಂತಿದ್ದಳು. ಕೈಗವಸು ಕಳಚಿ ಏಪ್ರನ್ನಿನ ಜೇಬಿಗೆ ತುರುಕಿಕೊಂಡಳು.

"ಕೊಡಿಲ್ಲಿ."

ಅವನು ಬೇಡ ಎಂದ. ಅವಳು ಕೈ ಚಾಚಿದವಳು ಹಾಗೇ ನಿಂತಳು. ಕೊನೆಗೆ ಕೊಟ್ಟ. ಅವಳು ಮೇಲ್ಭಾಗವನ್ನು ಒಂದೇ ಎಳೆತಕ್ಕೆ ಎಳೆದು ಸಿಕ್ಕಿದ್ದನ್ನು ಉದುರಿಸಿದಳು, ಗುಂಡು ತುಂಬಿಟ್ಟ ಬೇರೆ ಮ್ಯಾಗಜೀನು ಹಾಕಿಕೊಂಡಳು. ಇಪ್ಪತ್ತಾರು ವರ್ಷ ಮುಟ್ಟದಿದ್ದರೂ ಕಲಿತದ್ದು ಮರೆತಿರಲಿಲ್ಲ. ಕಾಲು ಅಗಲಿಸಿ, ತೋಳು ನೀಡಿ ನಿಂತಳು. ಅವನಿಗೆ ಅವಳ ಬೆನ್ನು ಮತ್ತು ಬಲಗೈ ಕಾಣುತ್ತಿತ್ತು.

ಮೊದಲನೆಯದು ಹೋಯಿತು, ಎರಡು, ಮೂರು. ಕೈ ಅಲುಗಲಿಲ್ಲ. ನಾಲ್ಕನೆಯದಕ್ಕೆ ಮೊದಲು ಅವಳು ತಲೆ ಸ್ವಲ್ಪ ತಿರುಗಿಸಿ ಅವನನ್ನು ನೋಡಿದಳು. ತನ್ನ ಮುಖದಲ್ಲಿ ಏನಿತ್ತೋ ವರ್ಲಿನ್ನನಿಗೆ ಗೊತ್ತಾಗಲಿಲ್ಲ. ಅವಳು ಮತ್ತೆ ಗುರಿಯ ಕಡೆ ತಿರುಗಿದಳು. ಕುದುರೆ ಒತ್ತುವ ಕ್ಷಣದಲ್ಲಿ ಅವಳ ಮಣಿಕಟ್ಟು ಬಗ್ಗಿತು. ಒಂದು ಬೆರಳಿನಗಲವೂ ಇಲ್ಲ, ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಪಿಸ್ತೂಲು ಸಿಕ್ಕಿಕೊಂಡಿತು.

"ನೋಡ್ದ್ಯಾ" ಎಂದಳು ಗ್ಲೆಂಡಾ. "ಪಿಸ್ತೂಲೇ ಸರಿಯಿಲ್ಲ. ಆ ಕೋಡಿಗೆ ಹೇಳು, ಕಂಪನಿಯವರಿಗೂ ಹೇಳು. ನನ್ ಕೈಲೂ ಸಿಕ್ಕಿಕೊಂತು ಅಂತ ನಾನೇ ಬಂದು ಹೇಳ್ತೀನಿ."

ವರ್ಲಿನ್ನನಿಗೆ ಪಾರಾಗುವ ದಾರಿ ಸಿಕ್ಕಿತ್ತು. ಅವಳು ಬಾಗಿಲು ತೆರೆದು ಹಿಡಿದು ನಿಂತಿದ್ದಳು, ಅವನು ಹೊರಗೆ ನಡೆದರೆ ಸಾಕಿತ್ತು. ನನ್ನ ಹೆಂಡತಿಯ ಕೈಯಲ್ಲೂ ಹೀಗೇ ಆಯಿತು ಎಂದು ಊರಿಗೆಲ್ಲ ಹೇಳಬಹುದಿತ್ತು, ಬೆಲ್‌ಫೋರ್ಡಿನ ಮುಖಕ್ಕೆ ಉಗಿದು ಗೌರವದಿಂದ ಕಾರ್ಡು ಬಿಟ್ಟುಕೊಡಬಹುದಿತ್ತು. ಹೌದು, ಪಿಸ್ತೂಲೇ ಸರಿಯಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಸುಳ್ಳಿನ ಬೆಲೆಯಾಗಿ ಅವಳು ಕೊಡುತ್ತಿದ್ದದ್ದು ತನ್ನ ಮಣಿಕಟ್ಟನ್ನು, ಅದೂ ಎರಡನೆಯ ಸಲ.

"ನೀನು ಬೇಕಂತಲೇ ಸಡಿಲ ಬಿಟ್ಟೆ" ಎಂದ.

ಅವಳು ಸಿಕ್ಕಿದ ಕಾಡತೂಸನ್ನು ಬೆರಳಲ್ಲಿ ಮೀಟುತ್ತಾ ನಿಂತಳು.

"ಗ್ಲೆಂಡಾ, ಅವತ್ತು ನಿನ್ನ ಕೈಯದ್ದೇನೂ ತಪ್ಪಿರಲಿಲ್ಲ. ಆ ಚಿಕ್ಕ ಪಿಸ್ತೂಲೇ ಕೆಟ್ಟದ್ದಿತ್ತು. ಕಂಪನಿಯವ್ರು ಹೇಳಿದ್ರು, ಹೋದ ವಾರದ ಶುಕ್ರವಾರ. ನಿನ್ನ ಹತ್ರ ಹೇಳಕ್ಕಾಗ್ಲಿಲ್ಲ ನಂಗೆ."

"ಗೊತ್ತು."

"ಏನ್ ಗೊತ್ತು?"

"ಕೊಕ್ಕೆ ವಿಷ್ಯ. ಎರಡು ಸಲ ಕಾಗದ ಬಂದಿತ್ತಲ್ಲ, ನಾನೇ ಒಡೆದು ಓದಿದ್ದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲ ನಂಗೆ?"

"ಗಟ್ಟಿಯಾಗೇ ಹಿಡ್ದಿದೀನಿ ಅಂತ ಅವತ್ತು ಹೇಳ್ದೆ, ನೀನು ನಂಬ್ಲಿಲ್ಲ. ಕಂಪನಿ ಕಾಗದ ತೋರ್ಸಿದ್ರೆ ನಂಬ್ತಿದ್ದೆ. ಹಾಗೆ ನೀನು ನನ್ನ ನಂಬೋದು ನಂಗೆ ಬೇಡವಾಗಿತ್ತು."

ದೂರದ ರಸ್ತೆಯಲ್ಲಿ ಯಾವುದೋ ಟ್ರ್ಯಾಕ್ಟರು ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ಆ ಕಡೆಯೇ ನೋಡಿದರು. ಬೆಲ್‌ಫೋರ್ಡನ್ನು ಇನ್ನು ನಂಬಬೇಕೋ ಬೇಡವೋ ಎಂದು ಎರಡು ವರ್ಷದಿಂದ ತಲೆ ಕೆಡಿಸಿಕೊಂಡವನಿಗೆ, ನಲವತ್ತು ವರ್ಷ ತಾನು ಯಾರನ್ನು ನಂಬಿದೆ, ಯಾರನ್ನು ನಂಬಲಿಲ್ಲ ಎನ್ನುವುದು ಈಗ ಹುಲ್ಲುಗಾವಲಿನ ನಡುವೆ ಗೊತ್ತಾಯಿತು. ಗೊತ್ತಾಗಿ ಮಾಡುವುದೇನು, ಹೋದ ವರ್ಷಗಳನ್ನು ಕಾರ್ಖಾನೆಗೆ ವಾಪಸು ಕಳಿಸಲು ಬರುವುದಿಲ್ಲ. ಅವನು ನೆಲದ ಮೇಲಿದ್ದ ಪೆಟ್ಟಿಗೆಯಿಂದ ತುಂಬಿದ ಮ್ಯಾಗಜೀನು ತೆಗೆದು ಅವಳಿಗೆ ಕೊಟ್ಟ.

"ಇನ್ನೊಂದ್ಸಲ ಹೊಡಿ. ಸಡಿಲ ಬಿಡ್ಬೇಡ."

"ಬೇಡ, ವರ್ಲಿನ್."

"ನಂಗೆ ಗೊತ್ತಾಗ್ಬೇಕು."

"ನಿಂಗೆ ಗೊತ್ತಿದೆ."

"ಹೊಡಿ" ಎಂದ. "ನಾನಿಲ್ಲೇ ನಿಂತಿರ್ತೀನಿ."

ಗ್ಲೆಂಡಾ ಸಿಕ್ಕಿದ್ದನ್ನು ಉದುರಿಸಿ ಮ್ಯಾಗಜೀನು ಹಾಕಿದಳು. ಕಾಲು ಅಗಲಿಸಿ ನಿಂತಳು. ಒಮ್ಮೆ ತಿರುಗಿ ನೋಡುತ್ತಾಳೇನೋ ಎಂದು ಅವನು ಹೆದರಿದ, ಅವಳು ತಿರುಗಲಿಲ್ಲ. ವರ್ಲಿನ್ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ತರಗತಿಯಲ್ಲಿ ಎಣಿಸುತ್ತಿದ್ದ ಹಾಗೆ ಗಟ್ಟಿಯಾಗಿ ಎಣಿಸತೊಡಗಿದ. ಐದಾಯಿತು, ಒಂಬತ್ತಾಯಿತು. ಹನ್ನೊಂದಕ್ಕೆ ಅವನ ದನಿ ಒಡೆಯಿತು, ಆದರೂ ಬಿಡಲಿಲ್ಲ. ಹದಿನೈದೂ ಹೋದವು, ಒಂದೂ ಸಿಕ್ಕಿಕೊಳ್ಳಲಿಲ್ಲ.